ತಿಳಿಲಿಲ್ಲ ಟೀಚರ್

"ತಿಳೀತಾ ಮಕ್ಕಳೇ?"

ಪ್ರಮಿಲಾ ಕೈಯಲ್ಲಿದ್ದ ಕೋಲನ್ನು ಚಾರ್ಟಿನ ಮೇಲಿಂದ ಇಳಿಸಿ ಕೇಳಿದಳು. ಎದುರಿನ ಎರಡು ಬೆಂಚುಗಳಲ್ಲಿ ಮಕ್ಕಳು ಆರು ಮಂದಿ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಸಂಜುಕುಮಾರನಿಗೆ ಇಪ್ಪತ್ಮೂರು ತುಂಬಿ, ಮೀಸೆ ಹುರಿಯಾಗಿತ್ತು. ಎಲ್ಲರಿಗಿಂತ ದೊಡ್ಡವಳಾದ ಬದರುನ್ನಿಸಾಳಿಗೆ ಮೂವತ್ತೆಂಟು. ಅವಳ ಮಗಳೇ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ಬೀದರಿನ ಆ ಬಿ.ಎಡ್. ಕಾಲೇಜಿನಲ್ಲಿ ನಿಜವಾದ ಮಕ್ಕಳ ಮುಂದೆ ಹೋಗಿ ನಿಲ್ಲುವ ಮೊದಲು ಹೀಗೆ ಒಬ್ಬರು ಟೀಚರ್, ಉಳಿದವರು ಆರನೇ ತರಗತಿಯ ಮಕ್ಕಳು ಎಂದುಕೊಂಡು ಆರಾರು ನಿಮಿಷದ ಪಾಠ ಮಾಡಬೇಕಿತ್ತು. ಒಂದು ಪಾಠಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವುದು ಒಂದು ದಿನ, ಬೋರ್ಡಿನ ಮೇಲೆ ಬರೆಯುವುದು ಇನ್ನೊಂದು ದಿನ. ಇವತ್ತು ವಿವರಿಸುವ ಕೌಶಲ.

"ತಿಳೀತ್ರಿ ಟೀಚರ್!" ಐದು ದನಿಗಳು ಒಟ್ಟಿಗೇ ಎದ್ದವು.

ಅದು ಬಾಯಿಬಿಟ್ಟು ಯಾರೂ ಆಡಿರದ ಕರಾರು. ನನ್ನ ಪಾಠಕ್ಕೆ ನೀನು ತಲೆಯಾಡಿಸು, ನಿನ್ನ ಪಾಠಕ್ಕೆ ನಾನು ಆಡಿಸುತ್ತೇನೆ. ಹಿಂದುಗಡೆ ಕೈಗಡಿಯಾರ ಬಿಚ್ಚಿ ಡೆಸ್ಕಿನ ಮೇಲಿಟ್ಟುಕೊಂಡು ಕೂತಿದ್ದ ದತ್ತಾತ್ರೇಯ ಸರ್ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಎಲ್ಲರೂ ಪಾಸಾಗುತ್ತಾರೆ, ಊಟದ ಡಬ್ಬಿ ಬಿಚ್ಚುತ್ತಾರೆ.

"ಇಲ್ರಿ ಟೀಚರ್," ಆರನೆಯ ದನಿ ಬಂತು. "ನಂಗ ತಿಳಿಲಿಲ್ಲ."

ಬದರುನ್ನಿಸಾ ಎದ್ದು ನಿಂತಿದ್ದಳು. ಕಪ್ಪು ಬುರ್ಖಾದ ಮೇಲಿನ ಪರದೆ ಹಿಂದಕ್ಕೆ ಸರಿಸಿದ್ದಳು. ಮುಖದಲ್ಲಿ ನಗೆಯಿರಲಿಲ್ಲ. ಬೋರ್ಡಿನ ಮೇಲೆ ಪ್ರಮಿಲಾ ಬರೆದಿದ್ದ ಎರಡು ಭಿನ್ನರಾಶಿಗಳ ಕಡೆ ಬೆರಳು ಮಾಡಿ, "ಇದು ಮೂರನೇ ಒಂದು, ಅದು ಐದನೇ ಒಂದು. ಮೂರಕ್ಕಿಂತ ಐದು ದೊಡ್ಡದಲ್ಲೇನ್ರಿ? ಹಂಗಿದ್ರ ಐದನೇ ಒಂದು ಹ್ಯಾಂಗ ಸಣ್ಣದಾಗ್ತದ?" ಎಂದಳು.

ಚಾರ್ಟಿನ ಮೇಲೆ ಕೆಂಪು ಹಸಿರು ಸ್ಕೆಚ್ ಪೆನ್ನಿನಲ್ಲಿ ಎರಡು ದಿನ ಕೂತು ಬರೆದ ವಾಕ್ಯವಿತ್ತು. ಪ್ರಮಿಲಾ ಅದನ್ನೇ ಮತ್ತೊಮ್ಮೆ ಓದಿದಳು: "ಅಂಶ ಸಮವಾಗಿದ್ದಾಗ ಛೇದ ದೊಡ್ಡದಾದಷ್ಟೂ ಭಿನ್ನರಾಶಿಯ ಬೆಲೆ ಕಡಿಮೆಯಾಗುತ್ತದೆ." ಈ ಸಲ ದನಿ ಸ್ವಲ್ಪ ಏರಿತ್ತು. "ಈಗ ತಿಳೀತಾ?"

"ಇಲ್ರಿ."

ಮೂರನೆಯ ಸಲ ಓದುವಾಗ ಅವಳಿಗೆ ತನ್ನ ದನಿ ತನ್ನದೇ ಅನ್ನಿಸಲಿಲ್ಲ. ಸಂಜುಕುಮಾರ ಕೆಳಗೆ ನೋಡುತ್ತ ಮೀಸೆ ತಿರುವಿದ. ಸರ್ ಗಂಟೆ ಒತ್ತಿದರು. ಆರು ನಿಮಿಷ ಮುಗಿದಿತ್ತು.

ದತ್ತಾತ್ರೇಯ ಸರ್ ಬೈಯುವವರಲ್ಲ. ಅದೇ ಕಷ್ಟ. ಪಟ್ಟಿಯನ್ನು ಅವಳ ಕೈಗೆ ಕೊಟ್ಟರು. 'ಮಗುವಿನ ಪ್ರಶ್ನೆಗೆ ಸ್ಪಂದನ' ಎಂಬ ಸಾಲಿನ ಮುಂದೆ ಏಳಕ್ಕೆ ಒಂದು ಇತ್ತು. "ಹನ್ನೆರಡು ನಿಮಿಷ ಟೈಮ್ ಅದ ಪ್ರಮಿಲಾ ಅವರೆ. ಪಾಠ ತಿದ್ದಿಕೊಂಡು ಬರ್ರಿ. ಮತ್ತ ಇದೇ ಪಾಠ, ಇವೇ ಮಕ್ಕಳು. ಇವತ್ತ ಆಗಲಿಲ್ಲಂದ್ರ ಈ ಸಲ ಸಾಲಿಗಿ ಕಳಸಲಿಕ್ಕಿ ಬರಂಗಿಲ್ಲ, ಮುಂದಿನ ತಂಡದಾಗ ನೋಡಬೇಕಾಗ್ತದ."

ಪ್ರಮಿಲಾ ಚಾರ್ಟನ್ನು ಸುತ್ತಿಕೊಂಡು ಹೊರಗೆ ಬಂದಳು. ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚಿತ್ತು. ಅಲ್ಲಿ ಕೂತಾಗ ಕಣ್ಣು ತುಂಬಿ ಬಂತು.

ಅವಳು ಔರಾದ ತಾಲೂಕಿನವಳು. ಮನೆಮಾತು ಮರಾಠಿ, ಏಳನೆಯವರೆಗೆ ಓದಿದ್ದೂ ಮರಾಠಿಯಲ್ಲೇ. ಎಂಟನೆಯದಕ್ಕೆ ಔರಾದಿನ ಕನ್ನಡ ಹೈಸ್ಕೂಲಿಗೆ ಹಾಕಿದಾಗ ಮೊದಲ ವರ್ಷವಿಡೀ ಅವಳು ಮಾಡಿದ ಕೆಲಸ ಒಂದೇ, ತಲೆಯಾಡಿಸುವುದು. ಮಾಸ್ತರರು 'ತಿಳೀತಾ' ಅನ್ನುವುದರೊಳಗೇ ಇವಳ ಗದ್ದ ಕೆಳಗೆ ಹೋಗಿರುತ್ತಿತ್ತು. ತಲೆಯಾಡಿಸಿದವರನ್ನು ಯಾರೂ ಎಬ್ಬಿಸಿ ನಿಲ್ಲಿಸುವುದಿಲ್ಲ ಎಂಬುದು ಬೇಗ ಗೊತ್ತಾಗಿತ್ತು. ಆಮೇಲೆ ಪುಸ್ತಕದ ಕನ್ನಡವನ್ನು ಬಾಯಿಪಾಠ ಮಾಡಿ ಮಾಡಿಯೇ ಪರೀಕ್ಷೆಗಳನ್ನು ದಾಟಿದಳು. ಗಣಿತದಲ್ಲಿ ಪದವಿ ಬಂತು, ಭಾಲ್ಕಿಯ ನಿತಿನನ ಜೊತೆ ಮದುವೆಯಾಯಿತು, ಎರಡು ಮಕ್ಕಳಾದವು. ಮೂವತ್ತೆರಡಕ್ಕೆ ಬಿ.ಎಡ್. ಸೇರುತ್ತೇನೆ ಅಂದಾಗ ಮೊದಲು ಹೂಂ ಅಂದವಳು ಅತ್ತೆ ಅನುಸೂಯಾಬಾಯಿ. ಬೆಳಿಗ್ಗೆ ಇವಳು ಏಳುವುದರೊಳಗೆ ಅತ್ತೆ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, "ಜಾ ಬಾಳ, ಮಕ್ಕಳಿಗಿ ನಾ ನೋಡ್ಕೊತೇನಿ. ಬಸ್ಸು ತಪ್ಪೀತು" ಎಂದು ಬಾಗಿಲ ತನಕ ಬಂದು ಕಳಿಸುತ್ತಿದ್ದಳು.

ಪಾಠ ಮಾಡಲು ಹೋಗಬೇಕಾದ ಶಾಲೆಗಳ ಪಟ್ಟಿಯಲ್ಲಿ ಔರಾದ ಸೀಮೆಯ ಒಂದು ಸಾಲಿಯನ್ನು ಪ್ರಮಿಲಾ ಬೇಡಿ ಬರೆಸಿಕೊಂಡಿದ್ದಳು. ಈಗ ಅದೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದು ಎಲ್ಲರೆದುರು ಬಯಲಾದಂತೆ ಅವಳಿಗೆ ನಾಚಿಕೆಯಾಗಿತ್ತು. ಬಾಯಿಪಾಠದ ವಾಕ್ಯ ಬಿಟ್ಟರೆ ಅವಳ ಹತ್ತಿರ ಬೇರೆ ವಾಕ್ಯವಿರಲಿಲ್ಲ.

ಚಪ್ಪಲಿಯ ಸದ್ದಾಯಿತು. ಬದರುನ್ನಿಸಾ ನೀರಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ನೀರು ಕುಡಿ ಪ್ರಮಿಲಾ."

"ಬ್ಯಾಡ." ಪ್ರಮಿಲಾ ಮುಖ ತಿರುಗಿಸಿದಳು. ದಿನಾ ಅಕ್ಕನ ಹಾಗೆ 'ಆಪಾ' ಎಂದು ಕರೆದು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವಳ ಮೇಲೆ ಅವಳಿಗೆ ಎಂದೂ ಬಾರದ ಸಿಟ್ಟು ಬಂದಿತ್ತು. "ಹಿಂಗ್ಯಾಕ ಮಾಡಿದ್ರಿ ಆಪಾ? ಹೋದ ವಾರ ನಿಮ್ಮ ಪಾಠದಾಗ ನಾ ಏನರ ಅಡ್ಡ ಬಾಯಿ ಹಾಕಿದ್ನೇನು? ಎಲ್ಲಾರೂ ತಿಳೀತು ಅಂದ್ರು. ನೀವು ಒಬ್ಬರು ಅಂದಿದ್ರ ಏನು ಹೋಗ್ತಿತ್ತು?"

ಬದರುನ್ನಿಸಾ ಬಾಟಲಿಯ ಮುಚ್ಚಳ ತಿರುವಿದಳು.

"ನಂಗ ಖರೇನೇ ತಿಳಿಲಿಲ್ಲ."

ಪ್ರಮಿಲಾ ತಿರುಗಿ ನೋಡಿದಳು.

"ನಾಟಕ ಅಲ್ಲ. ಅಲ್ಲಾನ ಮ್ಯಾಲ ಆಣಿ." ಬದರುನ್ನಿಸಾ ದನಿ ತಗ್ಗಿಸಿದಳು. "ನಾ ಓದಿದ್ದು ಉರ್ದು ಸಾಲಿ. ನಾಲ್ಕನೇತ್ತಾದಾಗ ಇದು ಬಂದಿತ್ತು. ಐದು ದೊಡ್ಡದು ಮತ್ತ ಸಣ್ಣದು ಹ್ಯಾಂಗ ಅಂತ ಆವತ್ತೇ ಮನಸಿನ್ಯಾಗ ಬಂದಿತ್ತು. ಕೇಳಲಿಲ್ಲ. ಕೇಳಿದ್ರ ಉಸ್ತಾದ್ ಬೈತಾರ, ಹುಡುಗ್ಯಾರು ನಗ್ತಾರ. ಆಮ್ಯಾಲ ಮೆಟ್ರಿಕ್ ಆಯ್ತು, ಬಿ.ಎ. ಆಯ್ತು. ಲೆಕ್ಕ ಕಂಡ್ರ ದೂರ ಓಡಿ, ಸಮಾಜ ತಗೊಂಡೆ. ಮಗಳು ಒಂದಿನ ಬಂದು 'ಅಮ್ಮಿ, ಯೆ ಕೈಸಾ' ಅಂತ ಇದೇ ಕೇಳಿದ್ಲು. 'ಹೋಗಿ ಟೀಚರ್‌ಗಿ ಕೇಳು' ಅಂದೆ. ಆಕಿಗೂ ಕೇಳಲಿಕ್ಕಿ ಧೈರ್ಯ ಇರಲಿಲ್ಲ ಅಂತ ನಂಗ ಗೊತ್ತಿತ್ತು."

ಬೇವಿನ ಎಲೆಯೊಂದು ಚಾರ್ಟಿನ ಸುರುಳಿಯ ಮೇಲೆ ಬಿತ್ತು. ಬದರುನ್ನಿಸಾ ಅದನ್ನು ತೆಗೆದು ಹಾಕಿದಳು.

"ಇವತ್ತ ನೀ ಬೋರ್ಡ್ ಮ್ಯಾಲ ಅದನ್ನೇ ಬರೆದಿ. ಇಲ್ಲಿ ನಮಗ ಮಕ್ಕಳು ಅಂತ ಕೂಡ್ಸ್ಯಾರಲ್ಲ, ಮಕ್ಕಳಂಗ ಕೇಳಬಹುದು ಅನಸ್ತು. ಇಲ್ಲಿ ಬಿಟ್ರ ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗಿ ಕೇಳ್ಲಿ, ಹೇಳು? ನಿನಗ ನುಕ್ಸಾನ್ ಆಗ್ತದ ಅಂತ ತಲಿಗಿ ಹೊಳಿಲಿಲ್ಲ. ಮಾಫ್ ಮಾಡು."

ಸಿಟ್ಟು ಎಲ್ಲಿ ಹೋಯಿತೋ ಪ್ರಮಿಲಾಳಿಗೇ ತಿಳಿಯಲಿಲ್ಲ. ಎಂಟನೇ ತರಗತಿಯ ಬೆಂಚಿನಲ್ಲಿ ಗದ್ದ ತಗ್ಗಿಸಿ ಕೂತ ತಾನು, ಇನ್ನೆಲ್ಲೋ ಒಂದು ಉರ್ದು ಸಾಲಿಯಲ್ಲಿ ಪ್ರಶ್ನೆಯನ್ನು ನುಂಗಿಕೊಂಡು ಕೂತ ಈ ಹೆಂಗಸು. ಇವಳು ಮೂವತ್ತೆಂಟಕ್ಕಾದರೂ ಎದ್ದು ನಿಂತಳು. ತಾನು ಇವತ್ತಿಗೂ ನಿಂತಿಲ್ಲ.

"ಆಪಾ, ನಂಗೂ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ಸಂಜುಕುಮಾರ ಉಳಿದವರ ಜೊತೆ ಅತ್ತ ಬಂದ.

"ಅಕ್ಕಾ, ಹೊತ್ತು ಆಗ್ಲತ್ತದ. ಜರಾ ಸರೀರಿ, ಬಿಸಲು ಅದ," ಎನ್ನುತ್ತ ಅವನು ಬೆಂಚಿನ ತುದಿಗೆ ಕೂತ. ಭಕ್ತಿ ಮತ್ತು ಇನ್ನೊಬ್ಬ ಹುಡುಗಿ ಆ ಕಡೆಯಿಂದ ನುಸುಳಿದರು. ನೆರಳು ಇದ್ದದ್ದು ಆ ಬೆಂಚಿನ ಮೇಲಷ್ಟೇ. ನಡುವೆ ಸಿಕ್ಕಿಬಿದ್ದ ಬದರುನ್ನಿಸಾ, "ಅರೆ, ಔರಾದ ಬಸ್ಸೇನ್ರೋ ಇದು! ಇಬ್ಬರೇ ಇದ್ದಾಗ ಆರಾಮ ಕಾಲು ಚಾಚಿ ಕೂತಿದ್ದೆ," ಎಂದು ಗೊಣಗಿದಳು.

ಪ್ರಮಿಲಾ ಥಟ್ಟನೆ ಎದ್ದು ನಿಂತಳು. ಬೆಂಚನ್ನು ನೋಡಿದಳು. ಬೆರಳಲ್ಲಿ ಎಣಿಸಿದಳು.

"ಏಳ್ರಿ, ಏಳ್ರಿ," ಎಂದಳು. "ಒಳಗ ನಡೀರಿ."

ಮರುಪಾಠಕ್ಕೆ ಅವಳು ಚಾರ್ಟು ಬಿಚ್ಚಲಿಲ್ಲ. ಮುಂದಿನ ಬೆಂಚನ್ನು ಖಾಲಿ ಮಾಡಿಸಿ ತರಗತಿಯ ನಡುವೆ ಎಳೆಸಿದಳು. ದತ್ತಾತ್ರೇಯ ಸರ್ ಕನ್ನಡಕ ಮೇಲೇರಿಸಿದರು.

"ಇದು ಔರಾದ ಬಸ್ಸಿನ ಒಂದು ಸೀಟು," ಎಂದಳು ಪ್ರಮಿಲಾ. ಹೇಳಿದ ಮೇಲೆ ಅವಳಿಗೆ ತಿಳಿಯಿತು, ಯೋಜನೆಯ ಹಾಳೆಯಲ್ಲಿ ಬರೆಯದ ವಾಕ್ಯವದು. ಆದರೂ ಮುಂದುವರಿಸಿದಳು. "ಸೀಟು ಒಂದೇ. ಬದರುನ್ನಿಸಾ, ಬಾ, ನಡುವ ಕೂಡು. ಸಂಜು, ಭಕ್ತಿ, ನೀವೂ ಬರ್ರಿ. ಮೂವರು. ಸಮ ಸಮ ಕೂಡ್ರಿ, ಒಬ್ಬರಿಗೂ ಹೆಚ್ಚು ಕಮ್ಮಿ ಆಗಬಾರದು."

ಮೂವರೂ ಕೂತರು. ಪ್ರಮಿಲಾ ಸೀಮೆಸುಣ್ಣ ಹಿಡಿದು ಬದರುನ್ನಿಸಾಳ ಎಡಕ್ಕೊಂದು ಬಲಕ್ಕೊಂದು ಗೆರೆಯನ್ನು ಬೆಂಚಿನ ಹಲಗೆಯ ಮೇಲೆ ಎಳೆದಳು. "ನಿಂಗ ಎಷ್ಟು ಜಾಗಾ ಸಿಗ್ತು?"

"ಇಷ್ಟು ಟೀಚರ್."

"ಮೂವರದಾಗ ಒಬ್ಬಾಕಿ ಪಾಲು. ಅದನ್ನ ಬರಿಯೋದು ಹಿಂಗ." ಬೋರ್ಡಿಗೆ ಹೋಗಿ ಒಂದು ಬರೆದಳು, ಕೆಳಗೆ ಗೆರೆ, ಅದರ ಕೆಳಗೆ ಮೂರು. "ಮ್ಯಾಲಿಂದು ನೀನು ಒಬ್ಬಾಕಿ. ಕೆಳಗಿಂದು ಸೀಟಿನ್ಯಾಗ ಕೂತ ಮಂದಿ. ಈಗ ಮುಂದಿನ ಸ್ಟಾಪ್ ಬಂತು. ಇನ್ನಿಬ್ಬರು ಹತ್ತಿದ್ರು. ಬರ್ರಿ ಬರ್ರಿ, ಸರೀರಿ."

ಐದು ಮಂದಿ ಆ ಬೆಂಚಿನಲ್ಲಿ ತುರುಕಿ ಕೂತರು. ನಗೆ ಎದ್ದಿತು. ಸಂಜುಕುಮಾರ ತುದಿಯಿಂದ ಅರ್ಧ ಕೆಳಗೆ ಜಾರಿದ್ದ. ಬದರುನ್ನಿಸಾಳ ಭುಜಗಳು ಕಿವಿಯ ಕಡೆ ಏರಿದ್ದವು. ಪ್ರಮಿಲಾ ಮತ್ತೆ ಅವಳ ಎಡಬಲಕ್ಕೆ ಗೆರೆ ಎಳೆದಳು. ಹೊಸ ಗೆರೆಗಳು ಹಳೆಯ ಗೆರೆಗಳ ಒಳಗೇ ಬಿದ್ದವು.

"ಬದರುನ್ನಿಸಾ, ಮಂದಿ ಎಷ್ಟು ಆದ್ರು?"

"ಐದು."

"ನಿನ್ನ ಪಾಲು?"

ಬದರುನ್ನಿಸಾ ತನ್ನ ಎರಡೂ ಕಡೆಯ ಗೆರೆಗಳನ್ನು ನೋಡಿದಳು. ಬೋರ್ಡಿನ ಕಡೆ ನೋಡಿದಳು. ಮತ್ತೆ ಗೆರೆಗಳನ್ನು ನೋಡಿದಳು. ಪ್ರಮಿಲಾ ಬಾಯಿ ತೆರೆಯಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಸೀಮೆಸುಣ್ಣವನ್ನು ಬಿಗಿಯಾಗಿ ಹಿಡಿದು ಕಾದಳು.

"ಅರೆ," ಎಂದಳು ಬದರುನ್ನಿಸಾ ಮೆಲ್ಲಗೆ. "ಕೆಳಗಿಂದು ಮಂದಿನಾ? ಅದು ಮಂದೀನಾ?" ಆಮೇಲೆ ದನಿ ಏರಿತು. "ಮಂದಿ ಹೆಚ್ಚಾದಂಗ ಪಾಲು ಕಮ್ಮಿ! ಇಷ್ಟೇನಾ? ಇದು ನಂಗ ಹುಟ್ಟಿದಾಗಿಂದ ಗೊತ್ತದ ಟೀಚರ್! ನಾವು ಐದು ಮಂದಿ ಅಕ್ಕ ತಂಗ್ಯಾರು, ಹೊದಿಲಿಕ್ಕಿ ಒಂದೇ ರಜಾಯಿ. ದೊಡ್ಡಾಕಿ ಮದುವಿ ಆಗಿ ಹೋದಾಗ ನಾ ಅತ್ತಿಲ್ಲ, ರಜಾಯಿ ಜರಾ ಹೆಚ್ಚು ಸಿಗ್ತದ ಅಂತ ಖುಷಿ ಪಟ್ಟಿದ್ದೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತ ನಗುತ್ತ ಸೆರಗಿನ ಹಾಗೆ ಬುರ್ಖಾದ ತೋಳಿನಿಂದ ಕಣ್ಣು ಒರೆಸಿಕೊಂಡಳು. "ಮೂವತ್ತು ವರ್ಷ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ನಂಗ ಬರ್ತಿತ್ತು. ಬರ್ತದ ಅಂತ ಗೊತ್ತೇ ಇರಲಿಲ್ಲ."

ಗಂಟೆ ಒತ್ತುವುದನ್ನು ದತ್ತಾತ್ರೇಯ ಸರ್ ಮರೆತಿದ್ದರು. ಏಳು ನಿಮಿಷದ ಮೇಲಾಗಿತ್ತು. ಪಟ್ಟಿಯಲ್ಲಿ 'ಭಾಷೆಯ ಶುದ್ಧತೆ' ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಅಲ್ಲಿ ನಾಲ್ಕು ಹಾಕಿದರು. ಉಳಿದ ಸಾಲುಗಳಲ್ಲಿ ಏನು ಹಾಕಿದರೆಂದು ಪ್ರಮಿಲಾ ನೋಡುವುದರೊಳಗೇ ಪಟ್ಟಿ ಮಡಚಿಟ್ಟು, "ಸಾಲಿಗಿ ಹೋಗ್ರಿ," ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಬದರುನ್ನಿಸಾ ಅವರೆ, ಇನ್ನ ಮುಂದ ಯಾರ ಪಾಠ ಇದ್ರೂ ನೀವು ಮುಂದಿನ ಬೆಂಚಿನ್ಯಾಗ ಕೂಡ್ರಿ," ಎಂದರು.

ಆ ವಾರ ಅವರ ಗುಂಪಿನ ಪಾಠಗಳು ಕೆಟ್ಟವು, ಆಮೇಲೆ ಚೆನ್ನಾದವು. ಬದರುನ್ನಿಸಾ ಹಾಕಿಕೊಟ್ಟ ದಾರಿಯಲ್ಲಿ ಉಳಿದವರೂ ಒಬ್ಬೊಬ್ಬರಾಗಿ ನಡೆದರು. ವಿಜ್ಞಾನದ ಪದವೀಧರನಾದ ಸಂಜುಕುಮಾರ, ಹಗಲಿನಲ್ಲೂ ಚಂದ್ರ ಯಾಕೆ ಕಾಣುತ್ತಾನೆಂದು ತನಗೆ ಇವತ್ತಿನವರೆಗೂ ಗೊತ್ತಿಲ್ಲವೆಂದು ಕಿವಿ ಕೆಂಪಗೆ ಮಾಡಿಕೊಂಡು ಒಪ್ಪಿಕೊಂಡ. ಬದರುನ್ನಿಸಾ ಬಹಮನಿ ಸುಲ್ತಾನರ ಪಾಠ ಮಾಡಿದ ದಿನ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಪ್ರಮಿಲಾ.

"ತಿಳಿಲಿಲ್ಲ ಟೀಚರ್," ಎಂದಳು. "ಅವರು ಗುಲಬರ್ಗಾ ಬಿಟ್ಟು ನಮ್ಮ ಬೀದರಿಗಿ ರಾಜಧಾನಿ ಯಾಕ ತಂದ್ರು?"

ಬದರುನ್ನಿಸಾ ಅವಳನ್ನು ನೋಡಿ, ಸೀಮೆಸುಣ್ಣದ ಕೈಯನ್ನು ಸೊಂಟದ ಮೇಲಿಟ್ಟು, "ಶಾಬಾಸ್! ಬಾ, ನಕಾಶಿ ಹತ್ರ ಬಾ, ಇಬ್ಬರೂ ಕೂಡಿ ನೋಡಮು," ಎಂದಳು.

ಆ ದಿನ ಊಟದ ಹೊತ್ತಿಗೆ ಪ್ರಮಿಲಾ ತನ್ನ ಎಂಟನೇ ತರಗತಿಯ ಕಥೆಯನ್ನು ಅವಳಿಗೆ ಹೇಳಿದಳು. ಗಂಡನಿಗೂ ಹೇಳಿರದ ಮಾತು. ಬದರುನ್ನಿಸಾ ಸಮಾಧಾನ ಹೇಳಲಿಲ್ಲ. ಅನುಸೂಯಾಬಾಯಿ ಕಟ್ಟಿದ ರೊಟ್ಟಿಯನ್ನು ಮುರಿದು ತನ್ನ ಡಬ್ಬಿಯ ದಾಲ್ಚಾದಲ್ಲಿ ಅದ್ದಿ ತಿನ್ನುತ್ತ, ಕೊನೆಯವರೆಗೂ ಕೇಳಿದಳು.

ಮುಂದಿನ ತಿಂಗಳು ಪ್ರಮಿಲಾ ಔರಾದಿಗೆ ಹೋದಳು. ತವರಿನಲ್ಲಿದ್ದುಕೊಂಡು ದಿನಾ ನಾಲ್ಕು ಕಿಲೋಮೀಟರು ದೂರದ ಹಳ್ಳಿಯ ಸರಕಾರಿ ಸಾಲಿಗೆ ಬಸ್ಸಿನಲ್ಲಿ ಓಡಾಡಿದಳು. ಆರನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಮನೆಯಲ್ಲಿ ಮರಾಠಿ ಆಡುವವರು, ಲಂಬಾಣಿ ಆಡುವವರು, ತೆಲುಗು ಆಡುವವರು. ಸಾಲಿಯಲ್ಲಿ ಮಾತ್ರ ಎಲ್ಲರೂ ಒಂದೇ ಮಾತು ಆಡುತ್ತಿದ್ದರು: "ತಿಳೀತ್ರಿ ಟೀಚರ್."

ಮೂರನೆಯ ದಿನ, ಭಿನ್ನರಾಶಿಯ ಪಾಠದಲ್ಲಿ, ಕಿಟಕಿಯ ಪಕ್ಕದ ಹುಡುಗಿಯನ್ನು ಪ್ರಮಿಲಾ ಗಮನಿಸಿದಳು. ಸ್ನೇಹಲ ಎಂದು ಹೆಸರು. ಪ್ರಶ್ನೆ ಪೂರ್ತಿಯಾಗುವುದರೊಳಗೇ ಅವಳ ಗದ್ದ ಕೆಳಗೆ ಇಳಿಯುತ್ತಿತ್ತು. ಆ ಇಳಿಯುವ ಪರಿ ಪ್ರಮಿಲಾಳಿಗೆ ತನ್ನ ಅಂಗೈಯಷ್ಟು ಪರಿಚಿತ.

ಪ್ರಮಿಲಾ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

"ಬೀದರಿನ್ಯಾಗ ನನ್ನ ಕ್ಲಾಸಿನ್ಯಾಗ ಒಬ್ಬಾಕಿ ಹುಡುಗಿ ಇದ್ದಾಳ," ಎಂದಳು. "ಎಲ್ಲಾರೂ ತಿಳೀತು ಅಂದ್ರ ಆಕಿ ಒಬ್ಬಾಕೇ ಎದ್ದು ನಿಂತು ತಿಳಿಲಿಲ್ಲ ಅಂತಾಳ. ಆಕಿ ಕೇಳಿದ್ದಕ್ಕೇ ನಾ ಪಾಠ ಮಾಡೋದು ಕಲ್ತೆ. ಆಕಿ ಕೇಳಲಿಲ್ಲಂದ್ರ ನಾ ಇವತ್ತ ನಿಮ್ಮ ಮುಂದ ನಿಂದರ್ತಿರಲಿಲ್ಲ."

"ಆಕಿ ಎಷ್ಟನೇತ್ತಾ ಟೀಚರ್?" ಒಬ್ಬ ಹುಡುಗ ಕೇಳಿದ.

"ಆರನೇತ್ತಾ."

"ವಯಸ್ಸು?"

"ಮೂವತ್ತೆಂಟು."

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಪ್ರಮಿಲಾ ನಗೆ ಇಳಿಯುವ ತನಕ ಕಾದಳು. ನಗೆ ಇಳಿದ ಮೇಲೂ ಕಾದಳು. ಹೊರಗೆ ಬಿಸಿಯೂಟದ ಕೋಣೆಯಲ್ಲಿ ಅನ್ನದ ಪಾತ್ರೆ ಎಳೆದ ಸದ್ದಾಯಿತು. ಆಗ ಕಿಟಕಿಯ ಪಕ್ಕದಲ್ಲಿ ಒಂದು ಕೈ, ಜಡೆಯ ರಿಬ್ಬನ್ ಸರಿಮಾಡಿಕೊಳ್ಳುವ ನೆವದಲ್ಲಿ, ಕಿವಿಯ ಎತ್ತರದವರೆಗೆ ಬಂತು.

"ಸ್ನೇಹಲ, ಹೇಳವಾ."

ಹುಡುಗಿ ಎದ್ದಳು. ಡೆಸ್ಕಿನ ಅಂಚು ಹಿಡಿದುಕೊಂಡಳು. "ಬಾಯೀ," ಎಂದು ಮರಾಠಿ ಸಾಲಿಯ ರೂಢಿಯಲ್ಲಿ ಶುರು ಮಾಡಿ, ನಾಲಿಗೆ ಕಚ್ಚಿ, "ಟೀಚರ್, ನಂಗ ತಿಳಿಲಿಲ್ಲ," ಎಂದಳು. ಹಿಂದಿನಿಂದ ಇನ್ನೆರಡು ಕೈ ಎದ್ದವು. ಸ್ವಲ್ಪ ತಡೆದು, ಬಾಗಿಲ ಹತ್ತಿರ ಇನ್ನೊಂದು.

ಸಂಜೆ ಹಳ್ಳಿಯ ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತು ಪ್ರಮಿಲಾ ಬದರುನ್ನಿಸಾಳಿಗೆ ಫೋನು ಹಚ್ಚಿದಳು. ಮಧ್ಯಾಹ್ನದಿಂದ ಒಳ್ಳೆಯ ಮಾತೊಂದನ್ನು ಕೂಡಿಸಿಟ್ಟುಕೊಂಡಿದ್ದಳು. ಫೋನು ಎತ್ತಿದಾಗ ಅದು ಮರೆತು ಹೋಯಿತು.

"ಆಪಾ, ಇವತ್ತ ನಾಲ್ಕು ಮಂದಿ ತಿಳಿಲಿಲ್ಲ ಅಂದ್ರು."

ಆ ಕಡೆಯಿಂದ ಬದರುನ್ನಿಸಾ ಕೂಗಿದ ಪರಿಗೆ ಪಕ್ಕದಲ್ಲಿ ನಿಂತಿದ್ದ ಅಜ್ಜ ತಿರುಗಿ ನೋಡಿದ. "ನಾಲ್ಕು ಮಂದಿನಾ! ಮಾಶಾ ಅಲ್ಲಾ! ನನ್ನ ಸಾಲ್ಯಾಗ ಕೇಳೋರು ಇನ್ನೂ ಒಬ್ಬಾಕಿ ಮ್ಯಾಲ ಏರಿಲ್ಲ ನೋಡು. ಸೋಮವಾರ ಕಾಲೇಜಿಗಿ ಬರ್ತಿಯಲ್ಲ, ಮಿಠಾಯಿ ತರ್ತೇನಿ!"

"ನಿಮ್ದೇ ಆಪಾ ಇದೆಲ್ಲ," ಎಂದಳು ಪ್ರಮಿಲಾ. ಇನ್ನೂ ಏನೋ ಹೇಳಬೇಕೆಂದಿದ್ದಳು.

"ಚುಪ್," ಎಂದಳು ಬದರುನ್ನಿಸಾ ಮೆತ್ತಗೆ. "ಬಸ್ಸು ಬಂತು ನೋಡು, ಹಾರ್ನ್ ಕೇಳ್ಲತ್ತದ."

ಬಸ್ಸು ಬಂದಿತ್ತು. ಆದರೆ ತಿರುವಿನಲ್ಲಿ ನಿಂತುಬಿಟ್ಟಿತ್ತು. ಮಣ್ಣಿನ ರಸ್ತೆಯ ನಟ್ಟನಡುವೆ ಸ್ನೇಹಲ ಪಾಟೀಚೀಲವನ್ನು ಬೆನ್ನಿಗೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು, ತೊಗರಿಕಟ್ಟಿಗೆಯಿಂದ ಧೂಳಿನಲ್ಲಿ ಉದ್ದನೆಯದೊಂದು ಬೆಂಚು ಬರೆದು ಗೆರೆ ಎಳೆದು ಸಮ ಪಾಲು ಮಾಡುತ್ತಿದ್ದಳು. ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನೋಡುತ್ತಿದ್ದಳು. ಡ್ರೈವರು ಮತ್ತೆ ಹಾರ್ನ್ ಬಾರಿಸಿದ. ಸ್ನೇಹಲ ತಲೆಯೆತ್ತದೆ, ಒಂದು ಕೈಯನ್ನು ಅಷ್ಟೆತ್ತರ ಎತ್ತಿ ಅವನಿಗೆ ತಡಿ ಎಂದು ತೋರಿಸಿದಳು. ಇನ್ನೊಂದು ಕೈಯಲ್ಲಿ ಕೊನೆಯ ಗೆರೆಯನ್ನು ಎಳೆದು ಮುಗಿಸಿದಳು.